ಮೇಷ್ಟ್ರ 45 ಡಿಗ್ರಿ

ಧರ್ಮಪುರದ ನಮ್ಮ ಬೀದಿಯಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಗರಗಸದ ಸದ್ದು ಕೇಳಿದರೆ ಯಾರೋ ಮನೆ ಕಟ್ಟಿಸುತ್ತಿದ್ದಾರೆ ಅಂದುಕೊಳ್ಳಬೇಡಿ. ಅದು ನಮ್ಮ ಲೆಕ್ಕದ ಮೇಷ್ಟ್ರು. ರಿಟೈರಾದ ಮೂರನೇ ದಿನಕ್ಕೆ ಹಳೇ ಗೈಡುಗಳನ್ನೆಲ್ಲ ಗುಜರಿಗೆ ಹಾಕಿ, ಬಂದ ದುಡ್ಡಿಗೆ ಪಿಂಚಣಿಯದಿಷ್ಟು ಸೇರಿಸಿ, ಹಿರಿಯೂರಿಗೆ ಹೋಗಿ ಒಂದು ಗರಗಸ, ಎರಡು ಉಳಿ, ಒಂದು ಮೂಲೆಮಟ್ಟ, ಒಂದು ಡಬ್ಬ ಫೆವಿಕಾಲ್ ತಂದರು. ಕಿವಿಯ ಮೇಲೆ ಪೆನ್ಸಿಲ್ ಏರಿತು. ಅವತ್ತು ಏರಿದ್ದು ಇನ್ನೂ ಇಳಿದಿಲ್ಲ. ಮೊನ್ನೆ ನೆಂಟರ ಆರತಕ್ಷತೆಯ ಫೋಟೋದಲ್ಲೂ ವಧೂವರರ ಪಕ್ಕ ಆ ಪೆನ್ಸಿಲ್ ಇದೆ.

ಇಂಥವರು ಊರಿಗೊಬ್ಬರು ಇದ್ದೇ ಇರುತ್ತಾರೆ. ಆಚಾರ್ರನ್ನು ಕರೆಸುವುದೆಂದರೆ ಇವರಿಗೆ ಸೋಲೊಪ್ಪಿದ ಹಾಗೆ. ನಾಲ್ಕು ವೀಡಿಯೊ ನೋಡಿದರೆ ಯಾವ ಕೆಲಸವಾದರೂ ಬರುತ್ತದೆ ಎಂಬ ನಂಬಿಕೆ. ಹಾಗಂತ ಮಂಚ, ಬೀರು ಅಂತ ದೊಡ್ಡದಕ್ಕೆ ಕೈ ಹಾಕುವುದಿಲ್ಲ. ಬಾಗಿಲ ಚೌಕಟ್ಟಿಗೂ ಗೋಡೆಗೂ ನಡುವಿನ ಸಂದು ಮುಚ್ಚಲು ಸುತ್ತ ಹೊಡೆಯುವ ಬೀಡಿಂಗ್ ಪಟ್ಟಿ ಇದೆಯಲ್ಲ, ಅದರ ಮೇಲೇ ಕಣ್ಣು. ನೋಡಲು ಸುಲಭ, ಮಾನ ಹೋಗುವುದೂ ಅಲ್ಲೇ. ಮಂಚದ ಕಾಲು ಎರಡು ನೂಲು ಗಿಡ್ಡವಾದರೆ ಕೆಳಗೆ ರಟ್ಟು ತುರುಕಬಹುದು. ಪಟ್ಟಿಯ ಮೂಲೆ ಅರ್ಧ ನೂಲು ಬಾಯಿ ಬಿಟ್ಟಿತೋ, ಬಂದ ಬೀಗರ ಕಣ್ಣು ನೆಟ್ಟಗೆ ಅಲ್ಲಿಗೇ. ನೂಲೆಂದರೆ ಅಂಗುಲದಲ್ಲಿ ಎಂಟನೇ ಒಂದು ಪಾಲು; ಬೀಗರ ಕಣ್ಣಿಗೆ ಅದು ಒಂದು ಗೇಣು.

ಕೆಲಸ ಶುರುವಾದದ್ದು 2022ರ ಮಳೆಗಾಲದಲ್ಲಿ. ಆ ವರ್ಷವನ್ನು ನಮ್ಮ ಸೀಮೆಯಲ್ಲಿ ಯಾರೂ ಮರೆಯರು. ವಾಣಿವಿಲಾಸ ಸಾಗರ 1933ರ ಬಳಿಕ ಮತ್ತೆ ಕೋಡಿ ಬಿದ್ದ ವರ್ಷ ಅದು. ಊರಿಗೆ ಊರೇ ಆ ಡ್ಯಾಮಿರುವ ಮಾರಿಕಣಿವೆಗೆ ಹೋಗಿ ನೀರು ನೋಡಿ ಬಂದರೆ, ಮೇಷ್ಟ್ರು ನಡುಮನೆ ಬಾಗಿಲ ಮುಂದೆ ಸ್ಟೂಲ್ ಹಾಕಿಕೊಂಡು ಪಟ್ಟಿ ಅಳೆಯುತ್ತಿದ್ದರು. ಆ ಥಂಡಿಯಲ್ಲಿ ಉಬ್ಬಿದ್ದ ಮರವನ್ನು ಬಿಗಿಯಾಗಿ ಕೂರಿಸಿ, ಬೀದಿಯವರನ್ನೆಲ್ಲ ಕರೆದು ತೋರಿಸಿದ್ದೂ ಆಯಿತು. ಯುಗಾದಿ ಹೊತ್ತಿಗೆ ನಮ್ಮ ಬಿಸಿಲಿಗೆ ಮರ ಸೊರಗಿ ಮೂಲೆಗಳೆಲ್ಲ ಬಾಯಿ ತೆರೆದವು. "ಏನ್ರೀ, ಡ್ಯಾಮು ಮತ್ತೆ ತುಂಬೋಕೆ 89 ವರ್ಷ ಹಿಡೀತು, ನಿಮ್ ಬಾಗ್ಲಿಗೆ ಎಷ್ಟು?" ಎಂದು ಮೇಷ್ಟ್ರ ಹೆಂಡತಿ, ನಮ್ಮ ಅಮ್ಮಾವ್ರು, ಕೇಳಿದ್ದು ಆಗಲೇ.

ಮೇಷ್ಟ್ರು ಸೋಲಲಿಲ್ಲ. "ಗಡಿಯಾಚೆ ಹೇಮಾವತಿಗೆ ಹೋಗಿ ನೋಡು. ನೊಳಂಬರ ಕಾಲದ ಕಂಬ. ಕಲ್ಲಿಗೆ ಕಲ್ಲು ಕೂತಿದೆ. ಅಲ್ಲಿ ಫೆವಿಕಾಲ್ ಎಲ್ಲಿದೆ?" ಎಂದು ನನ್ನನ್ನೇ ಗದರಿದರು. ಪಟ್ಟಿಯ ತುದಿಯನ್ನು 45 ಡಿಗ್ರಿಗೆ ಓರೆಯಾಗಿ ಕತ್ತರಿಸಿದರು, ಗಿಡ್ಡವಾಯಿತು. ಗರಗಸದ ಹಲ್ಲು ತಿನ್ನುವ ದಪ್ಪವನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಮತ್ತೆ ಕತ್ತರಿಸಿದರು, ಮೊಳೆ ಹೊಡೆದಾಗ ತುದಿ ಸೀಳಿತು. ಮೊಳೆಯ ಚೂಪನ್ನು ಸುತ್ತಿಗೆಯಲ್ಲಿ ಒಂದೇಟು ತಟ್ಟಿ ಮೊಂಡು ಮಾಡಿದರೆ ಮರ ಸೀಳುವುದಿಲ್ಲವೆಂದು ಗೊತ್ತಾಗುವಷ್ಟರಲ್ಲಿ ಇಪ್ಪತ್ತು ಅಡಿ ಪಟ್ಟಿ ಬಚ್ಚಲೊಲೆ ಸೇರಿತ್ತು. ತೇಗದ ಉರಿಯಲ್ಲಿ ನೀರು ಕಾಯಿಸಿಕೊಂಡು ಮೀಯುವ ಮನೆ ನಮ್ಮೂರಲ್ಲಿ ಅದೊಂದೇ ಇರಬೇಕು. 2025ರ ಜನವರಿಯಲ್ಲಿ ಡ್ಯಾಮು ಇನ್ನೊಮ್ಮೆ ಕೋಡಿ ಬಿತ್ತು. ಮೇಷ್ಟ್ರು ಅದೇ ಬಾಗಿಲ ಮುಂದೆ, ಅದೇ ಸ್ಟೂಲಿನ ಮೇಲೆ.

ಕೊನೆಗೆ ಅಮ್ಮಾವ್ರೇ, ಹಪ್ಪಳ ಕೊಡುವ ನೆಪ ಮಾಡಿ, ಹಿಂದಿನ ಬೀದಿಯ ಆಚಾರ್ರನ್ನು ಕರೆಸಿದರು. ಆಚಾರ್ರು ಹಪ್ಪಳದ ಡಬ್ಬಿ ಕೆಳಗಿಟ್ಟು, ಮೂಲೆಮಟ್ಟ ತೆಗೆದು ಚೌಕಟ್ಟಿನ ಮೂಲೆಗೆ ಒತ್ತಿ ಹಿಡಿದರು. ಮಟ್ಟಕ್ಕೂ ಮರಕ್ಕೂ ನಡುವೆ ಬೆಳಕಿನ ಸಣ್ಣ ಗೆರೆ ಮೂಡಿತು.

"ಮೇಷ್ಟ್ರೇ, ನಿಮ್ ಪಟ್ಟಿ ಸರಿಯಾಗೇ ಐತೆ. ಚೌಕಟ್ಟೇ ಸೊಟ್ಟ ನಿಂತೈತೆ. ಇದು 90 ಅಲ್ಲ, 92 ಇರ್ಬೋದು."

ಮೇಷ್ಟ್ರು ಕಣ್ಣು ಮುಚ್ಚಿದರು. ಎರಡು ಡಿಗ್ರಿ ತಪ್ಪಿದರೆ ಮೂರಂಗುಲದ ಪಟ್ಟಿಯಲ್ಲಿ ಒಂದು ನೂಲಿಗೂ ಮಿಗಿಲಾಗಿ ಸಂದು ಬೀಳಲೇಬೇಕು ಎಂದು ಅಲ್ಲೇ ಬಾಯಿಲೆಕ್ಕದಲ್ಲಿ ಸಾಧಿಸಿದರು. ಅದರಲ್ಲಿ ಅವರನ್ನು ಮೀರಿಸುವವರಿಲ್ಲ. ಆಮೇಲೆ ದನಿ ತಗ್ಗಿಸಿ, "ಈ ಬಾಗಿಲು ನಿಲ್ಲಿಸಿದ ಗಾರೆಯವನು ನನ್ನ ಸ್ಟೂಡೆಂಟೇ ಕಣಯ್ಯಾ. ಒಂಬತ್ತನೇ ಕ್ಲಾಸಲ್ಲಿ 28 ಬಂದಿತ್ತು. ಪಾಪ ಅಂತ 35 ಹಾಕಿ ದಾಟಿಸಿದ್ದೆ" ಎಂದರು. ಆ ಏಳು ಮಾರ್ಕು ಚೌಕಟ್ಟಿನ ಮೂಲೆಯಲ್ಲಿ ನಿಂತು ಅವರನ್ನೇ ನೋಡುತ್ತಿತ್ತು.

ಆಚಾರ್ರು ಡಿಗ್ರಿಯ ಗೊಡವೆಗೇ ಹೋಗಲಿಲ್ಲ. ನಿಲುಪಟ್ಟಿಯನ್ನು ಅದರ ಜಾಗದಲ್ಲೇ ಹಿಡಿದು ಅಂಚಿಗುಂಟ ಗೋಡೆ ಮೇಲೆ ಪೆನ್ಸಿಲ್ ಎಳೆದರು. ಅಡ್ಡಪಟ್ಟಿಗೂ ಹಾಗೇ. ಗೆರೆಗೆ ಗೆರೆ ಕೂಡಿದ ಒಳಮೂಲೆ, ಹೊರಮೂಲೆಗಳ ಗುರುತನ್ನು ಪಟ್ಟಿಗಳ ಮೇಲೆ ಹಾಕಿ, ಎರಡನ್ನೂ ಸೇರಿಸಿ ಗೀಟು ಹೊಡೆದರು. "ಇದರ ಮೇಲೆ ಕೊಯ್ಯಿರಿ. ಗೀಟು ಉಳಿಯೋ ಹಂಗೆ ಕೊಯ್ದು, ಮಿಕ್ಕಿದ್ದ ಉಳೀಲಿ ಸವರ್ರಿ" ಅಂದು ಡಬ್ಬಿ ಎತ್ತಿಕೊಂಡು ಹೊರಟರು.

ಮೂಲೆ ಕೂತಿತು. ಪೂರ್ತಿ ಅಲ್ಲ, ಕೂದಲೆಳೆಯಷ್ಟು ಸಂದು ಉಳಿಯಿತು. ಅದಕ್ಕೆ ಗರಗಸದ ಪುಡಿಯನ್ನು ಫೆವಿಕಾಲಿನಲ್ಲಿ ಕಲಸಿ ಮೆತ್ತಿದ್ದಾರೆ. ಹೇಮಾವತಿಯ ಮಾತು ಈಗ ಎತ್ತುವುದಿಲ್ಲ. ನಮ್ಮ ಕಡೆ ಬಂದರೆ ಅವರ ಮನೆಗೆ ಹೋಗಿ, ಕಾಫಿ ಚೆನ್ನಾಗಿರುತ್ತದೆ. ಬಾಗಿಲ ಬಲಮೂಲೆಗೆ ಮಾತ್ರ ಕೈ ಹಚ್ಚಬೇಡಿ, ಇನ್ನೂ ಹಸಿ ಇದೆ.