ಇನ್ನೊಂದೇ ಚೂರು

ಮೈಸೂರಿನಲ್ಲಿ ನಿವೃತ್ತರಾದವರ ದಿನಚರಿ ಬಹುಕಾಲ ಒಂದೇ ತೆರನಾಗಿತ್ತು. ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಒಂದು ಸುತ್ತು, ಮಧ್ಯಾಹ್ನ ಪತ್ರಿಕೆಗೆ ಬೀದಿದೀಪದ ಬಗ್ಗೆ ಒಂದು ಪತ್ರ, ಸಂಜೆ ಗಾನಭಾರತಿಯಲ್ಲಿ ಕಚೇರಿ ಇದ್ದರೆ ಮುಂದಿನ ಸಾಲಿನಲ್ಲಿ ಒಂದು ನಿದ್ದೆ. ಈಚೆಗೆ ಬೇರೆಯೇ ಒಂದು ತಳಿ ಹುಟ್ಟಿಕೊಂಡಿದೆ. ಇವರಿಗೆ ಸುಮ್ಮನೆ ಕೂರಲು ಬಾರದು, ಕೈಯಾರೆ ಏನಾದರೂ ಮಾಡಲೇಬೇಕು. ಒಬ್ಬರು ತಾರಸಿಯ ಮೇಲೆ ಜೇನು ಸಾಕಿ ಕೆಳಗಿನ ಮನೆಯವರ ಮುಖ ಊದಿಸಿದ್ದಾರೆ. ಇನ್ನೊಬ್ಬರು ನೆಂಟರ ಮನೆಯ ಗಡಿಯಾರಗಳನ್ನೆಲ್ಲ ಬಿಚ್ಚಿ ಹಾಕಿದ್ದಾರೆ. ಕುವೆಂಪುನಗರದ ನಮ್ಮ ಬೀದಿಯ ರಾಯರು ಬಿಲ್ಲು ಮಾಡುತ್ತಾರೆ.

ಕ್ರೀಡಾಕೂಟದಲ್ಲಿ ಕಾಣುವ ಫೈಬರ್ ಬಿಲ್ಲಲ್ಲ. ಒಂದೇ ಮರದ ತುಂಡನ್ನು ಉಳಿ, ತೋಪಡ, ಅರಗಳಲ್ಲಿ ಕೆತ್ತಿ ಉಜ್ಜಿ ತೆಗೆಯುವ ಅಸಲಿ ಬಿಲ್ಲು. ರಾಯರು ಬ್ಯಾಂಕಿನ ಆಡಿಟ್ ವಿಭಾಗದಲ್ಲಿದ್ದವರು. ಹದಿನೇಳು ರೂಪಾಯಿ ವ್ಯತ್ಯಾಸ ಹಿಡಿದು ಬ್ರಾಂಚ್ ಮ್ಯಾನೇಜರುಗಳ ನಿದ್ದೆ ಕೆಡಿಸಿದ ಖ್ಯಾತಿ ಅವರದು. ಬಿಲ್ಲಿನ ಕಸುಬಿಗೆ ಅವರು ತಂದ ಬಂಡವಾಳ ಆ ಕಣ್ಣೊಂದೇ. ಬಿಲ್ಲುಗಳ ಆಯುಸ್ಸು ತೆಗೆದದ್ದೂ ಅದೇ ಕಣ್ಣು.

ಮೊದಲ ಬಲಿ ತೇಗ. ಯಾವುದೋ ಹಳೇ ಮನೆ ಕೆಡವಿದಾಗ ಸಿಕ್ಕ ಕಿಟಕಿಯ ಚೌಕಟ್ಟು. ವಿಡಿಯೋದಲ್ಲಿ ಗಡ್ಡದ ದೊರೆಯೊಬ್ಬ, ಬಿಲ್ಲು ಮರದೊಳಗೇ ಇದೆ, ಬೇಡದ್ದನ್ನು ತೆಗೆದರೆ ಸಾಕು ಎಂದು ಹೇಳಿದ್ದನಂತೆ. ರಾಯರು ಬೇಡದ್ದನ್ನು ತೆಗೆದರು. ಉತ್ಸಾಹದಲ್ಲಿ ಬೇಕಾದದ್ದನ್ನೂ ತೆಗೆದರು. ಉಳಿದದ್ದನ್ನು ಮೊಣಕಾಲಿಗೆ ಒತ್ತಿ ಬಾಗಿಸಿದ ಕ್ಷಣ ಬಂದ ಸದ್ದಿಗೆ ಎದುರು ಮನೆಯ ನಾಯಿ ಮಂಚದಡಿ ಸೇರಿತು.

ಮುರಿದ ಮರುಗಳಿಗೆಯಲ್ಲಿ ಇವರ ಮುಖ ನೋಡಬೇಕು. ದುಃಖ ಲವಲೇಶವೂ ಇಲ್ಲ. ಕನ್ನಡಕ ಹಣೆಗೇರಿಸಿ, ತುಂಡನ್ನು ಮೂಗಿನ ಹತ್ತಿರ ಹಿಡಿದು, ಸೀಳು ಎಲ್ಲಿ ಹೊರಟು ಎಲ್ಲಿ ತಲುಪಿತೆಂದು ಬೆರಳಲ್ಲಿ ಸವರುತ್ತಾರೆ. "ನೋಡಿ, ಬಾಣ ಹೋಗೋ ಕಡೆ ಇರುತ್ತಲ್ಲ, ಆ ಮೈ ಹಿಗ್ಗಬೇಕು. ನಮ್ಮ ಕಡೆ ಮೈ ಕುಗ್ಗಬೇಕು. ಹಿಗ್ಗೋ ಮೈಮೇಲೆ ಮರದ ನಾರು ಈ ತುದಿಯಿಂದ ಆ ತುದಿಗೆ ತುಂಡಾಗದೆ ಓಡಿರಬೇಕು. ಇದು ಮಿಲ್ಲಿನಲ್ಲಿ ಕುಯ್ದ ಮರ. ನಾರು ಓರೆಯಾಗಿ ಹೊರಗೆ ಬಂದುಬಿಟ್ಟಿದೆ, ಅಲ್ಲೇ ಸೀಳಿದೆ." ಅಂದು ರಾತ್ರಿ ಇನ್ಸ್‌ಪೆಕ್ಷನ್ ವರದಿ ರೂಲು ಹಾಕಿದ ಪುಸ್ತಕಕ್ಕೆ ಏರುತ್ತದೆ: ಲೋಪ, ಕಾರಣ, ಸರಿಪಡಿಸುವ ಕ್ರಮ. ಬಿಲ್ಲುಗಳು ಇಲ್ಲವಾಗುತ್ತ ಹೋದಂತೆ ಆ ಪುಸ್ತಕ ದಪ್ಪವಾಗುತ್ತಿದೆ.

ಆಮೇಲೆ ಮಲೆನಾಡಿನ ಷಡ್ಡಕರ ತೋಟದಿಂದ ತಡಸಲು ಬಂತು. ಕೊಡಲಿಯ ಕಾವಿಗೆ ಹೆಸರಾದ ಮರ, ಎಷ್ಟು ಬಗ್ಗಿಸಿದರೂ ಮತ್ತೆ ನೆಟ್ಟಗಾಗುವಂಥದು. ಬೇಗ ಒಣಗಿ ಸೀಳದಿರಲೆಂದು ಎರಡೂ ತುದಿಗೆ ಫೆವಿಕಾಲ್ ಮೆತ್ತಿ, ಅಟ್ಟದ ಮೇಲೆ ಮಲಗಿಸಿ, ದಿನವೂ ಇಳಿಸಿ ಅಡುಗೆಮನೆ ತಕ್ಕಡಿಯಲ್ಲಿ ತೂಗುತ್ತಿದ್ದರು. ತೂಕ ಇಳಿಯುವುದು ನಿಂತಿತೆಂದರೆ ಮರ ಒಣಗಿತೆಂದು ಅರ್ಥ. ಸೊಸೆಯ ಬಾಣಂತನದಲ್ಲಿ ಮಗುವನ್ನು ಕೂಡ ಇವರು ಇಷ್ಟು ಸಲ ತೂಗಿರಲಿಲ್ಲ ಎಂಬುದು ಅವರ ಮನೆಯಾಕೆಯ ಟಿಪ್ಪಣಿ.

ಈ ಕೆಲಸದಲ್ಲಿ ಕೆತ್ತುವುದು ಸುಲಭ, ಹದಕ್ಕೆ ತರುವುದೇ ಗಂಡಾಂತರ. ಪೋರ್ಟಿಕೋದ ಗೋಡೆಗೆ ರಾಯರು ಉದ್ದನೆಯ ಹಲಗೆಯೊಂದನ್ನು ಜಡಿದಿದ್ದಾರೆ. ಬಿಲ್ಲಿನ ಹಿಡಿಯನ್ನು ಹಲಗೆಯ ತಲೆಗೆ ಕೂರಿಸಿ, ಹೆದೆಗೆ ಹಗ್ಗ ಕಟ್ಟಿ, ಕೆಳಗಿನ ರಾಟೆಯ ಮೂಲಕ ಎಳೆದುಕೊಂಡು ಗೇಟಿನವರೆಗೆ ಹಿಂದೆ ಸರಿಯುತ್ತಾರೆ. ಅಲ್ಲಿಂದ ನೋಡಿದರೆ ಎರಡು ತೋಳೂ ಸಮವಾಗಿ ಬಾಗಿರಬೇಕು. ಎಲ್ಲಿ ಸೆಟೆದುಕೊಂಡಿದೆಯೋ ಅಲ್ಲಿ ಒಳಮೈಯನ್ನು ಒಂದು ಚೂರು ಕೆರೆಯಬೇಕು. ಎಲ್ಲಿ ಹೆಚ್ಚು ಬಾಗಿದೆಯೋ ಅಲ್ಲಿ ಮುಟ್ಟಲೇಬಾರದು. ತೆಗೆದ ಮರವನ್ನು ವಾಪಸು ಹಾಕುವಂತಿಲ್ಲ. ಡೆಬಿಟ್ ಮಾತ್ರ ಇರುವ ಖಾತೆಯ ಹಾಗೆ.

ಎಡತೋಳು ಬಿರುಸೆಂದು ಎಡಕ್ಕೆ ಕೆರೆದರೆ ಬಲತೋಳು ಬಿರುಸಾಗಿ ಕಾಣುತ್ತದೆ. ಬಲಕ್ಕೆ ಕೆರೆದರೆ ಮತ್ತೆ ಎಡ. ಮಾಮೂಲಿ ಮನುಷ್ಯರಾದರೆ ಕೂದಲೆಳೆಯಷ್ಟು ವ್ಯತ್ಯಾಸ ನುಂಗಿಕೊಂಡು ಬಾಣ ಹೂಡುತ್ತಿದ್ದರು. ನುರಿತವರಂತೂ ಕೆಳತೋಳನ್ನು ಬೇಕೆಂದೇ ಒಂದಿಷ್ಟು ಬಿರುಸಾಗಿ ಬಿಡುವುದುಂಟು. ಇದನ್ನು ರಾಯರೂ ಓದಿದ್ದಾರೆ, ಆದರೆ ಒಪ್ಪಿಲ್ಲ. ಟ್ಯಾಲಿ ಆಗದ ಲೆಕ್ಕಕ್ಕೆ ಅವರು ಯಾವತ್ತೂ ರುಜು ಹಾಕಿದವರಲ್ಲ. ರಾತ್ರಿ ಊಟಕ್ಕೆ ಕರೆದರೆ ಪೋರ್ಟಿಕೋದಿಂದ ಬರುವ ಉತ್ತರ ಒಂದೇ: "ಬಂದೆ, ಇನ್ನೊಂದೇ ಚೂರು."

ಬಿಲ್ಲಿನ ಶಕ್ತಿಯನ್ನು ಎಳೆತದ ತೂಕದಲ್ಲಿ ಹೇಳುತ್ತಾರೆ. ಹೆದೆಯನ್ನು 28 ಅಂಗುಲಕ್ಕೆ ಎಳೆದಾಗ ಬೆರಳಿಗೆ ಎಷ್ಟು ಭಾರ ಬೀಳುತ್ತದೆ ಎಂಬುದು ಲೆಕ್ಕ. ರಾಯರ ಗುರಿ 50 ಪೌಂಡು. ಅಳೆಯಲು ಇರುವುದು ಅಮೆರಿಕದ ಮಗಳ ಮನೆಗೆ ಹೋಗುವಾಗ ಸೂಟ್‌ಕೇಸು ತೂಗುವ ಕೊಕ್ಕೆಯ ತಕ್ಕಡಿ. ವಿಮಾನದಲ್ಲಿ ಪೆಟ್ಟಿಗೆಯೊಂದಕ್ಕೆ 23 ಕೆ.ಜಿ. ಮಿತಿ, ಅಂದರೆ ಅದೇ 50 ಪೌಂಡು. ಹೀಗಾಗಿ ಗಂಡ ಹೆಂಡತಿ ಇಬ್ಬರೂ ಒಂದೇ ತಕ್ಕಡಿಯಲ್ಲಿ ಒಂದೇ ಅಂಕಿಯನ್ನು ನೋಡುತ್ತ ಬಾಳುತ್ತಿದ್ದಾರೆ. ರಾಯರ ಬಿಲ್ಲು ಶುರುವಿನಲ್ಲಿ ಅರ್ಧ ಎಳೆಯುವಷ್ಟರಲ್ಲೇ 23 ದಾಟುತ್ತದೆ. ಕೆರೆತ ಮುಗಿಯುವ ಹೊತ್ತಿಗೆ ಪೂರ್ತಿ ಎಳೆದರೂ ಹತ್ತಕ್ಕೆ ಬಂದಿರುತ್ತದೆ. "ನನ್ನ ಪೆಟ್ಟಿಗೆ ಇಪ್ಪತ್ಮೂರಕ್ಕೆ ಇಳಿಯಲ್ಲ, ನಿಮ್ಮ ಬಿಲ್ಲು ಇಪ್ಪತ್ಮೂರರಲ್ಲಿ ನಿಲ್ಲಲ್ಲ," ಎಂದರು ಆಕೆ. "ಹುಳಿಪುಡಿ ಡಬ್ಬಿಯನ್ನೂ ಒಂದು ಚೂರು ಕೆರೆದುಕೊಡಿ ನೋಡೋಣ."

ತಡಸಲು ಮುರಿಯಲಿಲ್ಲ, ಮಕ್ಕಳ ಬಿಲ್ಲಾಯಿತು. ಮೊಮ್ಮಗನಿಗೆಂದೇ ಮಾಡಿದ್ದು ಎಂದು ರಾಯರು ಹೇಳಿಕೊಂಡರು. ಅದೂ ಬಹಳ ದಿನ ಬಾಳಲಿಲ್ಲ. ಬಿಲ್ಲು ಕಂಡರೆ ನಮ್ಮ ಜನಕ್ಕೆ ಕೈ ತುರಿಸುತ್ತದೆ. ಟಿ.ವಿ. ರಾಮಾಯಣ ನೋಡಿ ಬೆಳೆದವರು, ಕಾಫಿ ಲೋಟ ಕೆಳಗಿಟ್ಟು ಬಿಲ್ಲೆತ್ತಿ ಕಿವಿವರೆಗೆ ಎಳೆದು ಟಂಕಾರ ಮಾಡಿಬಿಡುತ್ತಾರೆ. ಬಾಣವಿಲ್ಲದೆ ಬಿಟ್ಟರೆ ಬಾಣಕ್ಕೆ ಹೋಗಬೇಕಾದ ಶಕ್ತಿಯೆಲ್ಲ ಬಿಲ್ಲಿನ ಮೈಗೇ ಬಡಿಯುತ್ತದೆ. ಎಲ್.ಐ.ಸಿ. ಏಜೆಂಟರೊಬ್ಬರ ಟಂಕಾರಕ್ಕೆ ತಡಸಲು ತುದಿಯಲ್ಲಿ ಸೀಳಿತು. ರಾಯರು ಕಿರುಚಿದ ಕಿರುಚಿಗೆ ಏಜೆಂಟರು ಪಾಲಿಸಿಯ ಮಾತೆತ್ತದೆ ಹೋದರು. ಬಿಲ್ಲಿನಿಂದ ಆ ಮನೆಗೆ ಆದ ಏಕೈಕ ಉಳಿತಾಯ ಅದು.

ಬಿಲ್ಲಿನ ಹುಚ್ಚು ಹತ್ತಿದವರ ಜೊತೆ ಹರಿಕಥೆಗೆ ಹೋಗಬಾರದು. ಸೀತಾಸ್ವಯಂವರದಲ್ಲಿ ಶಿವಧನುಸ್ಸು ನಡುವಿಗೆ ಮುರಿಯಿತು ಎಂದು ದಾಸರು ಚಿಟಿಕೆ ತಾಳ ಎತ್ತಿದಾಗ ಸಭೆಯೆಲ್ಲ ಜಯಜಯ ಎಂದಿತು. ರಾಯರು ನನ್ನ ಕಿವಿಗೆ ಬಾಗಿದರು: "ಎಂಟು ಚಕ್ರದ ಕಬ್ಬಿಣದ ಪೆಟ್ಟಿಗೇಲಿ ಅಷ್ಟು ವರ್ಷ ಇಟ್ಟರೆ ತೇವ ಪೂರ್ತಿ ಹೋಗಿರುತ್ತೆ. ಅತಿ ಒಣಗಿದ ಬಿಲ್ಲು ಎಳೆದರೆ ಮುರಿಯದೆ ಇನ್ನೇನು? ರಾಮಂದೇನೂ ತಪ್ಪಿಲ್ಲ. ಇದು ಜನಕನ ಸ್ಟೋರೇಜ್ ಲೋಪ."

ಅವರ ಸಮಾಧಾನಕ್ಕೆ ಒಬ್ಬ ಆಪ್ತನಿದ್ದಾನೆ. 1991ರಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ ಸಿಕ್ಕ, ಸುಮಾರು 5,300 ವರ್ಷ ಹಿಂದಿನ ಮನುಷ್ಯನ ದೇಹ. ಓಟ್ಜಿ ಎಂದು ಹೆಸರಿಟ್ಟಿದ್ದಾರೆ. ಅವನ ಪಕ್ಕದಲ್ಲಿ 1.82 ಮೀಟರ್ ಉದ್ದದ ಯೂ ಮರದ ಬಿಲ್ಲಿತ್ತು. ಆ ಬಿಲ್ಲಿನ್ನೂ ಕೆತ್ತನೆಯ ಹಂತದಲ್ಲಿತ್ತು, ಹೆದೆಯನ್ನೂ ಏರಿಸಿರಲಿಲ್ಲ. ಯಾವಾಗ ಮುಗಿಯುತ್ತೆ ಎಂದು ಯಾರಾದರೂ ಕೇಳಿದರೆ ರಾಯರು ಓಟ್ಜಿಯ ಫೋಟೋ ತೋರಿಸುತ್ತಾರೆ. ಆತನ ಬೆನ್ನಿಗೆ ಬಾಣ ನೆಟ್ಟಿತ್ತು, ಅಂದರೆ ಬಿಲ್ಲು ಮುಗಿಸಿದ ಇನ್ನೊಬ್ಬ ಯಾರೋ ಹತ್ತಿರದಲ್ಲೇ ಇದ್ದ ಎಂಬ ಅಂಶವನ್ನು ಮಾತ್ರ ಅವರು ಒತ್ತಿ ಹೇಳುವುದಿಲ್ಲ.

ಬಿದಿರಿನ ಕಡೆಗೆ ಅವರನ್ನು ತಿರುಗಿಸಿದ್ದು ಕೌಟಿಲ್ಯ. ನಮ್ಮೂರಿನ ಶಾಮಾಶಾಸ್ತ್ರಿಗಳು ಓಲೆಗರಿಯಿಂದ ಹೊರತೆಗೆದು 1909ರಲ್ಲಿ ಅಚ್ಚು ಹಾಕಿಸಿದ ಅರ್ಥಶಾಸ್ತ್ರದಲ್ಲಿ ತಾಳೆ, ಬಿದಿರು, ಮರ, ಕೊಂಬು ಎಂದು ಬಿಲ್ಲಿನ ನಾಲ್ಕು ಬಗೆಗಳಿವೆ. ಹೆದೆಗೆ ಎಕ್ಕದ ನಾರು, ಸೆಣಬು, ಪ್ರಾಣಿಯ ನರ ಇತ್ಯಾದಿ ಪಟ್ಟಿಯೂ ಇದೆ. ಕೌಟಿಲ್ಯನೂ ಒಂದರ್ಥದಲ್ಲಿ ಆಡಿಟರ್ ಆದ್ದರಿಂದ ರಾಯರಿಗೆ ಅವನ ಮೇಲೆ ಪೂರ್ತಿ ನಂಬಿಕೆ. ಮಹಾನವಮಿಯ ಹಿಂದಿನ ದಿನ ನನ್ನನ್ನೂ ಎಳೆದುಕೊಂಡು ಮೇದರ್ ಬ್ಲಾಕಿಗೆ ಹೋದರು.

ಅಲ್ಲಿ ಒಬ್ಬ ಹಿರಿಯರು ಮೊರಕ್ಕೆ ಸೀಳು ತೆಗೆಯುತ್ತಿದ್ದರು. ಮಾತು ಕೇಳಿ, ಗೋಡೆಗೆ ಒರಗಿಸಿದ್ದ ಗಳಗಳಲ್ಲಿ ಮೂರನ್ನು ಕತ್ತಿಯ ಹಿಂಬದಿಯಿಂದ ತಟ್ಟಿ, ಒಂದನ್ನು ಎಳೆದರು. ಗಳದ ನೆತ್ತಿಗೆ ಕತ್ತಿ ಇಟ್ಟು ಒಂದೇಟು ಕೊಟ್ಟು ತಿರುಚಿದ್ದಷ್ಟೇ. ಗಿಣ್ಣು ಗಿಣ್ಣಿಗೂ ಪಟ್ ಪಟ್ ಎನ್ನುತ್ತ ಸೀಳು ನೇರವಾಗಿ ಬುಡಕ್ಕೆ ಓಡಿತು. ಪಟ್ಟಿಯನ್ನು ಕಾಲ್ಬೆರಳಲ್ಲಿ ಹಿಡಿದು, ಹೊರಗಿನ ಹಸಿರು ಮೈ ಮುಟ್ಟದೆ, ಒಳಮೈಯನ್ನು ಮಾತ್ರ ಹೆರೆದರು. ತೊಡೆಯ ಮೇಲೆ ಬಾಗಿಸಿ ಒಮ್ಮೆ ನೋಡಿ, ಇನ್ನೆರಡು ಸಲ ಹೆರೆದು, ರಾಯರ ಕೈಗಿಟ್ಟು ಮೊರಕ್ಕೆ ಮರಳಿದರು.

ರಾಯರು ಅದನ್ನು ಬೆಳಕಿಗೆ ಹಿಡಿದರು. "ಎಡಗಡೆ ಸ್ವಲ್ಪ ಬಿರುಸಲ್ವೇನಪ್ಪಾ?"

"ಇರ್ಲಿ ಬುಡಿ ಸ್ವಾಮಿ. ಬಿದಿರಲ್ವಾ, ಅದುಕ್ಕೂ ಒಸಿ ಅದರದ್ದು ಅಂತ ಇರುತ್ತೆ."

ಮನೆಗೆ ಬಂದು ಕೆರೆಯಲು ಕೂರುವಷ್ಟರಲ್ಲಿ ಮನೆಯಾಕೆ ಉಳಿ, ಅರ, ತೋಪಡ, ಮರಳು ಕಾಗದವನ್ನೂ ಬಿಡದೆ ಒಟ್ಟುಮಾಡಿ ದೇವರ ಮುಂದೆ ಜೋಡಿಸಿ ಕುಂಕುಮ ಇಟ್ಟಾಗಿತ್ತು. ಆಯುಧಪೂಜೆಗೆ ಇಟ್ಟ ಆಯುಧವನ್ನು ವಿಜಯದಶಮಿಯವರೆಗೆ ಮುಟ್ಟುವಂತಿಲ್ಲ. ಪೂಜೆ ಮರುದಿನವಲ್ಲವೇ ಎಂದು ರಾಯರು ಆಕ್ಷೇಪಿಸಿದರು. ತೊಳೆದು ಮಡಿಯಲ್ಲಿಟ್ಟಿದ್ದೇನೆ ಎಂಬ ಉತ್ತರ ಬಂತು. ರಾಯರ ಕೈಗೆ ಸಿಕ್ಕೂ ಜೀವ ಉಳಿಸಿಕೊಂಡ ಮೊದಲ ಬಿಲ್ಲು ಆ ಬಿದಿರಿನದು. ತಕ್ಕಡಿಯಲ್ಲಿ 14 ಕೆ.ಜಿ. ತೋರಿಸಿತು.

ವಿಜಯದಶಮಿಯ ದಿನ ಊರೆಲ್ಲ ಜಂಬೂಸವಾರಿಗೆ ಹೋಗಿದ್ದಾಗ ಪಕ್ಕದ ಖಾಲಿ ಸೈಟಿನಲ್ಲಿ ಫ್ರಿಜ್ಜಿನ ರಟ್ಟಿನ ಪೆಟ್ಟಿಗೆ ನಿಲ್ಲಿಸಿ ರಾಯರು ಬಾಣ ಬಿಟ್ಟರು. ಬಿಲ್ಲು ಚೆನ್ನಾಗಿಯೇ ಚಿಮ್ಮಿತು. ಗರಿಯಿಲ್ಲದ ಬಾಣ ಗಾಳಿಯಲ್ಲಿ ಅಡ್ಡ ತಿರುಗಿ, ಬೆನ್ನಿನಿಂದ ರಟ್ಟಿಗೆ ಬಡಿದು ಬಿತ್ತು. ರಾಯರ ಮುಖದಲ್ಲಿ ಹಳೆಯ ಕಳೆ ಮರಳಿತು. "ಬಿಲ್ಲು ಏನೂ ಅಲ್ಲ ಸಾರ್," ಎಂದರು, "ನಿಜವಾದ ವಿದ್ಯೆ ಇರೋದು ಅಂಬಿನಲ್ಲಿ."

ಶಾಕವ್ರತದ ತಿಂಗಳಲ್ಲಿ ತರಕಾರಿ ಕೂಡ ಮುಟ್ಟದ ಮನೆತನ ಅವರದು. ಹೋದ ಭಾನುವಾರ ಕೋಳಿ ಅಂಗಡಿಯ ಮುಂದಿನ ಸಾಲಿನಲ್ಲಿ ಕೈಚೀಲ ಹಿಡಿದು ನಿಂತಿದ್ದರು. ಮಠದ ಪರಿಚಾರಕರೊಬ್ಬರು ಸ್ಕೂಟರಿನಲ್ಲಿ ಹಾದುಹೋಗುವಾಗ ನಿಧಾನಿಸಿ, ಕಂಡೂ ಕಾಣದಂತೆ ಮುಂದೆ ಹೋದರು.

"ಟರ್ಕಿ ಕೋಳಿ ಎಷ್ಟು ಕೆ.ಜಿ. ಕೊಡ್ಲಿ ಸ್ವಾಮಿ?"

"ಕೋಳಿ ಬೇಡಪ್ಪಾ, ಗರಿ ಕೊಡು. ಎಡರೆಕ್ಕೇದು ಮಾತ್ರ. ಒಂದು ಬಾಣಕ್ಕೆ ಎಡ ಬಲ ಬೆರೆಸೋ ಹಾಗಿಲ್ಲ."