ಕೋಣ ಸುಮ್ಮನುಂಟು, ಥರ್ಡ್ ಅಂಪೈರ್ ನೀವೇ!

ಸತ್ಯ ಹೇಳಿ ಮಾರಾಯ್ರೆ, ಮೂಡುಬಿದಿರೆಯ ಕಡಲಕೆರೆಯಲ್ಲಿ ಕೋಟಿ-ಚೆನ್ನಯ ಕಂಬಳ ಮುಗಿಸಿ ನಿದ್ದೆಗಣ್ಣಲ್ಲಿ ಮನೆಗೆ ಬಂದವರು ನೀವು ಎಂತ ಹೇಳಿದ್ರಿ? ‘ನಮ್ಮ ಕೋಣ ಸೋತದ್ದಲ್ಲ, ಸೋಲಿಸಿದ್ದು’ ಅಂತ, ಅಲ್ವಾ? (‘ನಮ್ಮ ಕೋಣ’ ಅಂದ್ರೆ ನೀವು ಸಾಕಿದ್ದಲ್ಲ. ಪಕ್ಕದೂರಿನ ಧನಿಗಳದ್ದು. ಹುರುಳಿ ಬೇಯಿಸಿ ಹಾಕುವುದು ಅವರು, ಬಿಪಿ ಏರಿಸಿಕೊಳ್ಳುವುದು ನೀವು.)

ಮೊದಲೆಲ್ಲ ಓಟ ಮುಗಿಯುವ ಮಂಜೊಟ್ಟಿಯಲ್ಲಿ ನಿಂತವರ ಕಣ್ಣೇ ಕೋರ್ಟು. ಓಟದ ಎರಡು ಕರೆಯಲ್ಲೂ ಕೆಸರು ಹಾರಿಸಿಕೊಂಡು ಕೋಣಗಳು ಬರುವಾಗ ಅವರು ರೆಪ್ಪೆ ಬಡಿದ್ರೆ ಕತೆ ಮುಗೀತು. ತೀರ್ಪು ಸಿಗದಿದ್ರೆ ‘ಸಮ ಸಮ’, ಇನ್ನೊಮ್ಮೆ ಓಡಿಸಿ. ಈಗ ಲೇಸರ್ ಉಂಟು, ವಿಡಿಯೋ ಉಂಟು. ಆದ್ರೂ ನಿಮ್ಮ ಬಾಯಿ ಮುಚ್ಚಿತಾ?

ಆ ಲೇಸರನ್ನು ತೆಗಳಬೇಡಿ. 2020ರಲ್ಲಿ ಐಕಳದಲ್ಲಿ ಅಶ್ವತ್ಥಪುರದ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಲ್ಲಿ ಓಡಿದ್ರು. ಪೇಪರಿನವರು ನೂರು ಮೀಟರಿಗೆ ಭಾಗಿಸಿ 9.55 ಅಂದ್ರು, ಉಸೇನ್ ಬೋಲ್ಟ್ 9.58! ಮತ್ತೆ ನಮ್ಮ ವೇಣೂರಿನಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟರದ್ದು 9.51 ಅಂತ ಸುದ್ದಿ. (ಬೋಲ್ಟನ್ನು ಎಳೆಯಲಿಕ್ಕೆ ಕೋಣ ಇರಲಿಲ್ಲ ಅನ್ನುವುದನ್ನು ನೀವು ಆ ವಾರ ಯಾರಿಗೂ ಹೇಳಲಿಲ್ಲ. ನನಗೆ ಗೊತ್ತುಂಟು.) ಗೆದ್ದ ದಿನ ಮೆಷಿನ್ ದೇವರು, ಸೋತ ದಿನ ಡಬ್ಬ!

ಬರೀ ಕಣ್ಣನ್ನು ನಂಬಿದ್ರೆ ಎಂತ ಆಗ್ತದೆ ಅಂತ ಅಮೆರಿಕದ ಬೇಸ್‌ಬಾಲಿನವರನ್ನು ಕೇಳಿ. 2010ರಲ್ಲಿ ಡೆಟ್ರಾಯಿಟಿನ ಗಲರಾಗ ಅನ್ನುವ ಬೌಲರ್ (ಅವರು ಪಿಚರ್ ಅಂತಾರೆ) ಎದುರಾಳಿ ಒಬ್ಬನನ್ನೂ ಬೇಸ್ ಮುಟ್ಟಲು ಬಿಡದೆ ಇಪ್ಪತ್ತಾರು ಜನರನ್ನು ಔಟ್ ಮಾಡಿದ್ದ. ಇಪ್ಪತ್ತೇಳನೆಯವ, ಅಂದ್ರೆ ಕಡೆಯವನೂ ಔಟೇ. ಅಂಪೈರ್ ಜಿಮ್ ಜಾಯ್ಸ್ ‘ಸೇಫ್’ ಅಂದುಬಿಟ್ಟರು! ರಿಪ್ಲೇ ನೋಡಿದ ಮೇಲೆ ಅವರೇ ‘ನನ್ನದೇ ತಪ್ಪು’ ಅಂತ ಒಪ್ಪಿಕೊಂಡ್ರು, ಮರುದಿನ ಮೈದಾನದಲ್ಲಿ ಕಣ್ಣೀರು ಹಾಕಿದ್ರು. ಗಲರಾಗ ಹೋಗಿ ಕೈ ಕುಲುಕಿದ. ಒಬ್ಬನನ್ನೂ ಬಿಡದೆ ಔಟ್ ಮಾಡಿದ ದಾಖಲೆ ಮಾತ್ರ ಬರಲಿಲ್ಲ. ಹೋಮ್ ರನ್ನಿಗೆ ಮಾತ್ರ ಇದ್ದ ರಿಪ್ಲೇ ಅಂಥ ತೀರ್ಪುಗಳಿಗೂ ಬಂದದ್ದು 2014ರಲ್ಲಿ.

ಕ್ರಿಕೆಟಿನಲ್ಲಿ ಟಿವಿ ನೋಡಿ ಔಟ್ ಕೊಟ್ಟ ಮೊದಲ ಬ್ಯಾಟ್ಸ್‌ಮನ್ ಯಾರು ಹೇಳಿ? ನಮ್ಮ ತೆಂಡೂಲ್ಕರ್, 1992ರಲ್ಲಿ ಡರ್ಬನ್ನಲ್ಲಿ. ಕ್ಯಾಮೆರಾ ಮೇಲೆ ನಿಮ್ಮ ಸಿಟ್ಟು ಅಲ್ಲಿಂದಲೇ ಶುರುವಾ ಎಂತ?

ನೀರು ಚಿಮ್ಮಿಸುವ ಕೆನೆ ಹಲಗೆಯಲ್ಲಂತೂ ನಿಮ್ಮನ್ನು ಹಿಡಿಯಲಿಕ್ಕಿಲ್ಲ. ಏಳೂವರೆ ಕೋಲು ಎತ್ತರದ ನಿಶಾನೆಗೆ ನೀರು ತಾಗಿದ್ದು ಅಷ್ಟು ದೂರದ ಚುರುಮುರಿ ಗಾಡಿ ಹತ್ರ ನಿಂತ ನಿಮಗೆ ಕಾಣ್ತದೆ! (ಕರೆಂಟು ಬಿಲ್ಲಿನ ಕಡೇ ದಿನಾಂಕ ಓದಲಿಕ್ಕೆ ಮಾತ್ರ ಕನ್ನಡಕ ಬೇಕು.) ಮೇಲಿಂದ ನಿಮ್ಮದೇ ಮೊಬೈಲ್ ವಿಡಿಯೋ ಬೇರೆ. ಗೆರೆಯ ನೇರಕ್ಕೆ ನಿಲ್ಲದೆ ಓರೆಯಿಂದ ಹಿಡಿದ್ರೆ ಹಿಂದಿದ್ದ ಕೋಣವೂ ಮುಂದಿದ್ದ ಹಾಗೆ ಕಾಣ್ತದೆ ಮಾರಾಯ್ರೆ. ಅದನ್ನು ನಾಲ್ಕು ಗ್ರೂಪಿಗೆ ಹಾಕಿ ‘ನ್ಯಾಯ ಎಲ್ಲಿ?’ ಅಂದದ್ದು ಯಾರು?

ನನ್ನನ್ನು ಕೇಳಿದ್ರೆ ವಿಡಿಯೋ ಬೇಕೇ ಬೇಕು. ವರ್ಷವಿಡೀ ಕೋಣವನ್ನು ಮಗುವಿನ ಹಾಗೆ ನೋಡಿಕೊಂಡವನಿಗೆ ಒಂದು ಕಣ್ಣುರೆಪ್ಪೆಯಿಂದ ಅನ್ಯಾಯ ಆಗಬಾರದು. ಆದ್ರೆ ರಿಪ್ಲೇ ಎಲ್ಲರಿಗೂ ಇರಲಿ. ‘ಇದೋ ವಗ್ಗ ದಾಟಿದೆ’ ಅಂತ ಫೋನಲ್ಲಿ ಹೇಳುವಾಗ ನೀವು ಇನ್ನೂ ಬಿ.ಸಿ.ರೋಡಿನ ಹೋಟೆಲಲ್ಲಿ ಗೋಳಿಬಜೆ ತಿಂತಾ ಇದ್ರಲ್ಲ, ಅದನ್ನೂ ಸ್ಲೋ ಮೋಷನಲ್ಲಿ ಹಾಕುವನಾ?

ಬೇಡ ಅಲ್ವಾ? ಹಾಗಾದ್ರೆ ಹೊಕ್ಕಾಡಿಗೋಳಿ ಕಂಬಳದಲ್ಲಿ ಮಂಜೊಟ್ಟಿಯಿಂದ ಸ್ವಲ್ಪ ಈಚೆ ನಿಲ್ಲಿ. ಕ್ಯಾಮೆರಾಕ್ಕೆ ನಿಮ್ಮ ತಲೆ ಅಡ್ಡ ಬರ್ತದೆ.