ಚಾರ್‌ಮಿನಾರ್ ಆಯಿತು, ಕಲಾಪ ಯಾವಾಗ?

ಹೈದರಾಬಾದಿಗೆ ಬರುವ ಕಲಬುರಗಿಯ ಪ್ರವಾಸಿ 1591ರ ಚಾರ್‌ಮಿನಾರ್ ಏರುತ್ತಾನೆ. ಪಬ್ಲಿಕ್ ಗಾರ್ಡನ್ಸ್ ಪಕ್ಕದ ಬಿಳಿ ಗುಮ್ಮಟಗಳ ವಿಧಾನಸಭೆಯನ್ನು ಮಾತ್ರ ಬಸ್ಸಿನ ಕಿಟಕಿಯಿಂದಲೇ ನೋಡಿ ಮುಗಿಸುತ್ತಾನೆ. ಇದು ಅನ್ಯಾಯ. 1956ರವರೆಗೆ ಬೀದರ್, ರಾಯಚೂರು, ಕಲಬುರಗಿಯ ಶಾಸಕರು ಕೂರುತ್ತಿದ್ದುದೂ ಹೈದರಾಬಾದ್ ರಾಜ್ಯದ ಸದನದಲ್ಲೇ. “ಒಳಗೆ ಬರೀ ಗದ್ದಲವಲ್ಲವೇ?” ಎನ್ನುವಿರಿ. ಗೋಲ್ಕೊಂಡದಲ್ಲಿ ಚಪ್ಪಾಳೆಯ ಪ್ರತಿಧ್ವನಿ ಕೇಳಲು ಟಿಕೆಟ್ ಕೊಳ್ಳುವವರಿಗೆ ಮೇಜು ಕುಟ್ಟುವ ಸದ್ದು ಅಷ್ಟೊಂದು ಕರ್ಕಶವೇ?

“ಟಿವಿಯಲ್ಲೇ ಬರುತ್ತದಲ್ಲ!” ಬರುತ್ತದೆ, ಆದರೆ ಕ್ಯಾಮೆರಾ ಮಾತಾಡುವವರ ಕಡೆ ತಿರುಗಿರುತ್ತದೆ. ಮಸೂದೆಯ ಹೊತ್ತಿಗೆ ಖಾಲಿಯಾಗುವ ಸಾಲುಗಳನ್ನು (ಕಲಾಪದ ನಿಜವಾದ ಪ್ರೇಕ್ಷಣೀಯ ಸ್ಥಳ ಅದೇ) ಕಾಣಲು ಗ್ಯಾಲರಿಯೇ ಬೇಕು.

“ಪಾಸು?”

“ಶಾಸಕರ ಶಿಫಾರಸು ತನ್ನಿ.”

“ಅಂದರೆ, ಶಾಸಕರ ಗೈರುಹಾಜರಿ ನೋಡಲು ಶಾಸಕರನ್ನೇ ಹಿಡಿಯಬೇಕೇ?”

“ಅದೇನು ಕಷ್ಟ? ಸದನವೊಂದು ಬಿಟ್ಟು ಎಲ್ಲಾದರೂ ಸಿಗುತ್ತಾರೆ.”